ಹಿಂದಿನ ಬಚ್ಚಲಿಗೆ ಬಾರದ ಬಿಸಿನೀರು

ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬರುವ ಮುಂಚಿನ ಬೇಸಿಗೆಯಲ್ಲಿ ನಾನು ಹಟ ಹಿಡಿದು ನೀರು ಕಾಸುವ ನಮ್ಮ ತಾಮ್ರದ ಬಂಬವನ್ನು ಮನೆಯಿಂದ ಹೊರಗೆ ಹಾಕಿಸಿದೆ. ನಡುವೆ ಕೊಳವೆ, ಅದರೊಳಗೆ ಕಟ್ಟಿಗೆಯ ಚೂರು, ಸುತ್ತ ನೀರು. ಇಪ್ಪತ್ತೈದು ವರ್ಷ ಅದು ಒಂದು ದಿನವೂ ತಕರಾರು ಮಾಡಿರಲಿಲ್ಲ. ತಕರಾರು ಇದ್ದದ್ದು ನನ್ನದು. ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯಲ್ಲಿ ಆ ಹೊತ್ತಿಗೆ ಎಲ್ಲರೂ ಮನೆಯ ಮೇಲೆ ಮನೆ ಎಬ್ಬಿಸಿ, ಕಂಪ್ಯೂಟರ್ ಕಲಿಯಲು ಬಂದ ಹುಡುಗರಿಗೆ ಬಾಡಿಗೆಗೆ ಕೊಡತೊಡಗಿದ್ದರು. ಎಲ್ಲರ ಮಾಳಿಗೆಯ ಮೇಲೂ ಸೋಲಾರು ಹೊಳೆಯುತ್ತಿತ್ತು. ನಮ್ಮ ಹಿತ್ತಲಿನಿಂದ ಮಾತ್ರ ಬೆಳಬೆಳಿಗ್ಗೆ ಹೊಗೆ ಏಳುತ್ತಿತ್ತು. ಒಂದು ದಿನ ಎದುರು ಮನೆಯಾಕೆ ತಾನು ಒಣಹಾಕಿದ ಸೀರೆಯನ್ನು ಮೂಸಿ ನೋಡಿ, ಆಮೇಲೆ ನನ್ನ ಕಡೆ ನೋಡಿದಳು. ನನಗೆ ಅಷ್ಟು ಸಾಕಾಯಿತು.

ನಮ್ಮವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಯಂತ್ರಗಳ ವಿಷಯದಲ್ಲಿ ಅವರದು ಒಂದೇ ಧರ್ಮ, ನಡೆಯುತ್ತಿರುವುದನ್ನು ಮುಟ್ಟಬಾರದು. "ಸೋಲಾರ ಹಾಕ್ಸು, ಬ್ಯಾಡ ಅನ್ನಂಗಿಲ್ಲ. ಬಂಬ ಒಂದ ಮೂಲ್ಯಾಗ ಇರ್ಲಿ ಬಿಡು" ಅಂದರು.

"ಅದು ಇದ್ರ ನೀವು ಅದನ್ನ ಹಚ್ಕೊಂಡ ಕೂಡ್ತೀರಿ" ಅಂದೆ. ಅವರು ಸುಮ್ಮನಾದರು. ಸುಮ್ಮನಾಗುವುದರಲ್ಲಿ ನಮ್ಮವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಕರೆಂಟಿನ ಗೀಸರ್ ಹಾಕಿಸಬಹುದಿತ್ತು, ಆದರೆ ಆಗೆಲ್ಲ ಬೆಳಗಿನ ಸ್ನಾನದ ಹೊತ್ತಿಗೇ ಕರೆಂಟು ಹೋಗುತ್ತಿತ್ತು. ಹಾಗಾಗಿ ನಾಚಾರಂನ ಒಂದು ಸಣ್ಣ ಶೆಡ್ಡಿನಲ್ಲಿ ತಯಾರಾದ ಸೋಲಾರು ನಮ್ಮ ಮಾಳಿಗೆ ಏರಿತು. ಹಾಕಲು ಬಂದ ಮಿಸ್ತ್ರಿ ಬೀದರ ಕಡೆಯವರು, ಐವತ್ತು ದಾಟಿದ ಮನುಷ್ಯ. ಹೊರಗೆ ಕಾಲಿಟ್ಟರೆ ತೆಲುಗೋ ಹಿಂದಿಯೋ ಆಡಬೇಕಾದ ಊರಿನಲ್ಲಿ ಪೈಪಿನ ಮಿಸ್ತ್ರಿಯೊಬ್ಬರು "ಅಕ್ಕಾರ, ಚಹಾದಾಗ ಸಕ್ಕರಿ ಕಮ್ಮಿ ಹಾಕ್ರಿ" ಅಂದರೆ, ಕೆಲಸ ಅರ್ಧ ಚೆನ್ನಾಗಿ ಆದಂತೆಯೇ ನನಗೆ.

ಕೆಲಸವೂ ಚೆನ್ನಾಗಿಯೇ ಆಯಿತು. ಮಳೆಗಾಲದಲ್ಲೂ ನೀರು ಸುಡುತ್ತಿತ್ತು. ನಾನು ಎದುರು ಮನೆಯಾಕೆಗೆ ಕೇಳಿಸುವಂತೆ ಅಂಗಳದಲ್ಲಿ ನಿಂತು ನಮ್ಮವರಿಗೆ, "ನೋಡ್ರಿ, ಕೈ ಇಡಾಕಾಗವಲ್ದು" ಅನ್ನುತ್ತಿದ್ದೆ.

ಏಳನೇ ತಿಂಗಳಿಗೆ ಮಗಳಿಗೆ ಕುಬುಸ ಮಾಡಿದೆವು. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಇನ್ನೇನು ಊಟಕ್ಕೆ ಎಲೆ ಹಾಕಬೇಕು ಅನ್ನುವಾಗ ಬೀಗತಿ ನನ್ನ ಪಕ್ಕಕ್ಕೆ ಬಂದು ಕೂತರು. ಅವರ ಮನೆ ಗಚ್ಚಿಬೌಲಿಯಲ್ಲಿ, ದೊಡ್ಡ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿ. ಮಗಳೂ ಅಳಿಯನೂ ಕೆಲಸ ಮಾಡುವ ಕಂಪನಿ ಅವರ ಬಾಲ್ಕನಿಯಿಂದಲೇ ಕಾಣುತ್ತದೆ. ಕರೆಂಟು ಹೋದರೆ ಹತ್ತು ಎಣಿಸುವುದರೊಳಗೆ ಜನರೇಟರ್ ಬರುತ್ತದೆ. ಬೀಗತಿ ಕೆಟ್ಟ ಹೆಂಗಸಲ್ಲ, ನನ್ನ ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರ ಜೊತೆ ಹೇಗಿರಬೇಕು ಎಂದು ನನಗೆ ಚೆನ್ನಾಗಿ ಗೊತ್ತು. ಇವರು ಮೆತ್ತಗೆ ಮಾತಾಡುತ್ತಾರೆ, ಮತ್ತು ಹೇಳುವುದೆಲ್ಲ ಸರಿಯಾಗಿರುತ್ತದೆ.

"ತಪ್ಪ ತಿಳ್ಕೊಬ್ಯಾಡ್ರಿ. ಬಾಣಂತನ ಅಂದ್ರ ಕೊಡಗಟ್ಟಲೆ ಬಿಸಿನೀರ ಬೇಕು, ತಾಯಿಗೂ ಕೂಸಿಗೂ. ಚಳಿಗಾಲದ ಕೂಸು. ನಿಮ್ಮಲ್ಲಿ ನೀರಿನ ವ್ಯವಸ್ಥಾ ಬರೋಬ್ಬರಿ ಇದ್ರ ಸರಿ. ಇಲ್ಲಂದ್ರ ನಮ್ಮಲ್ಲೇ ಮಾಡೋಣು, ನೀವೂ ಬಂದು ಇರ್ರಿ" ಅಂದರು.

ನಾನೂ ಬಂದು ಇರಬೇಕಂತೆ! ಮೊದಲ ಹೆರಿಗೆಗೆ ತವರಿಗೆ ಬರಬೇಕಾದ ಮಗಳ ಜೊತೆ ನಾನೇ ಬೀಗರ ಮನೆಗೆ ಹೋಗಿ, ಅವರ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಎಲ್ಲಿದೆ ಎಂದು ಕೇಳುತ್ತ ನಿಲ್ಲಬೇಕು. "ನಮ್ಮಲ್ಲಿ ಸೋಲಾರ ಐತ್ರಿ. ಕೈ ಇಡಾಕಾಗಂಗಿಲ್ಲ, ಅಷ್ಟ ಬಿಸಿ" ಅಂದೆ. ಮಗಳು ಹಸಿರು ಬಳೆಗಳನ್ನು ಎಣಿಸುತ್ತಿದ್ದವಳು ತಲೆ ಎತ್ತಿ ನನ್ನನ್ನು ನೋಡಿ ನಕ್ಕಳು.

ಒಂಬತ್ತನೇ ತಿಂಗಳು ಬಿದ್ದ ಮೇಲೆ, ಡಿಸೆಂಬರಿನ ಚಳಿಯಲ್ಲಿ ಅವಳು ಬಂದಳು. ಮುಂದಿನ ಕೋಣೆಯನ್ನು ಅವಳಿಗೆ ಕೊಟ್ಟೆವು. ಅದಕ್ಕೆ ಅಂಟಿಕೊಂಡೇ ಒಂದು ಸಣ್ಣ ಬಚ್ಚಲಿದೆ, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಬಾಣಂತಿಗೆ ಎರೆಯುವುದಕ್ಕೆ ಹಿಂದಿನ ದೊಡ್ಡ ಬಚ್ಚಲೇ ಆಗಬೇಕು. ಅಲ್ಲಿ ಕೂರಲು ಅಗಲವಾದ ಕಲ್ಲಿದೆ, ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಎರೆಯಲು ಜಾಗವಿದೆ. ಮಾಳಿಗೆಯಿಂದ ಇಳಿದ ಬಿಸಿನೀರಿನ ಪೈಪು ಗೋಡೆಯೊಳಗೆ ಹಾದು ಮೊದಲು ಮಗಳ ಬಚ್ಚಲಿಗೆ, ಅಲ್ಲಿಂದ ಹಿಂದಿನ ಬಚ್ಚಲಿಗೆ ಬರುತ್ತದೆ. ಈ ದಾರಿಯನ್ನು ಹೇಳದಿದ್ದರೆ ಮುಂದಿನದು ಯಾರಿಗೂ ತಿಳಿಯಲಿಕ್ಕಿಲ್ಲ.

ಮಗಳು ಬಂದ ಮೂರನೇ ದಿನವೋ ನಾಲ್ಕನೇ ದಿನವೋ, ಒಂದು ಸೋಮವಾರ, ಬರಬೇಕಾದ ಕಾರ್ಪೊರೇಷನ್ ನೀರು ಬರಲಿಲ್ಲ. ದಿನ ಬಿಟ್ಟು ದಿನ ಬರುವ ನೀರು ಒಮ್ಮೆ ತಪ್ಪಿದರೆ ಮಾಳಿಗೆಯ ಟಾಕಿ ಬರಿದಾಗುತ್ತದೆ. ಸಂಜೆ ಬಂತು, ತುಂಬಿಕೊಂಡೆವು. ಮಂಗಳವಾರ ಬೆಳಿಗ್ಗೆ ನಾನು ಹಿಂದಿನ ಬಚ್ಚಲಿನಲ್ಲಿ ಬಿಸಿನೀರಿನ ನಳ ತಿರುಗಿಸಿದರೆ ಅದು ಬುಸ್ ಎಂದು ಉಸಿರುಬಿಟ್ಟು, ದಾರದಷ್ಟು ನೀರು ಸುರಿಸಿತು. ಅದೂ ತಣ್ಣಗೆ. ಅರ್ಧ ಗಂಟೆ ಬಿಟ್ಟು ನೋಡಿದರೂ ತಣ್ಣಗೆ. ಹಿಂದಿನ ದಿನವೆಲ್ಲ ಕಣ್ಣು ಕುಕ್ಕುವ ಬಿಸಿಲಿತ್ತು!

ಓಡಿಹೋಗಿ ಮಗಳ ಕೋಣೆಯ ಬಾಗಿಲು ಬಡಿದೆ. ಅವಳು ಆಗಷ್ಟೇ ಸ್ನಾನ ಮುಗಿಸಿ ತಲೆಗೆ ಟವೆಲು ಸುತ್ತಿಕೊಂಡಿದ್ದಳು. "ನಿನ್ನ ನಳದಾಗ ಬಿಸಿನೀರ ಬಂತೇನ?"

"ಬಂತಲ್ಲವ್ವಾ. ಭಾಳ ಬಿಸಿ ಬಂತು" ಅಂದಳು.

ಮಧ್ಯಾಹ್ನ ಮಿಸ್ತ್ರಿಯನ್ನು ಕರೆಸಿದೆ. ಅವರು ಹಿಂದಿನ ನಳ ಬಿಚ್ಚಿದರು, ಊದಿದರು, ಕಿವಿ ಹಚ್ಚಿದರು. "ಮುಂದಿನ ಬಚ್ಚಲದಾಗ ಬಿಸಿ ಬರ್ತೈತೇನ್ರಿ?" ಎಂದು ಕೇಳಿದರು. "ಬರ್ತೈತಿ, ಮಗಳು ಹೇಳ್ಯಾಳ" ಅಂದೆ. "ಹಂಗಾರ ಮ್ಯಾಲ ಏನೂ ತೊಂದ್ರಿಲ್ಲ ಬಿಡ್ರಿ. ಮುಂದಿನ ಬಚ್ಚಲ, ಹಿಂದಿನ ಬಚ್ಚಲ, ಈ ಎರಡರ ನಡುವ ಎಲ್ಲೋ ಕಟ್ಟೇತಿ" ಅಂದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಬುಧವಾರ ಹಿಂದಿನ ಬಚ್ಚಲಿನ ಗೋಡೆಯ ನಾಲ್ಕು ಟೈಲ್ಸು ಒಡೆದು ವಾಲ್ವು ಬದಲಿಸಿದರು. ಏನೂ ಆಗಲಿಲ್ಲ. ಗುರುವಾರ ಇನ್ನೂ ಆರು ಟೈಲ್ಸು ಒಡೆದು ಪೈಪಿನ ಬಾಗು ಬಿಚ್ಚಿದರು. ಒಳಗೆ ಕಸವಿಲ್ಲ, ತುಕ್ಕಿಲ್ಲ, ಕನ್ನಡಿಯಂತೆ ಸ್ವಚ್ಛ. ನನ್ನ ಬಚ್ಚಲು ಮಾತ್ರ ಹಾಳುಬಿದ್ದ ಧರ್ಮಶಾಲೆಯಾಯಿತು.

ನಾನು ಸಿಕ್ಕಿದವರಿಗೆಲ್ಲ ಬೈದೆ. ನಾಚಾರಂನ ಶೆಡ್ಡಿಗೆ ಬೈದೆ, ಕಾರ್ಪೊರೇಷನ್ನಿಗೆ ಬೈದೆ, ಬಂಬ ಹೊರಹಾಕುವಾಗ ನನ್ನನ್ನು ಗಟ್ಟಿಯಾಗಿ ತಡೆಯಲಿಲ್ಲ ಎಂದು ನಮ್ಮವರಿಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಮಿಸ್ತ್ರಿ ಮಾತ್ರ, "ಅಕ್ಕಾರ, ನಿಮ್ಮ ಸಿಟ್ಟಿಗೆ ಒಂದ ಪೈಪ ಜೋಡಿಸಿದ್ರ ಇಡೀ ಗಲ್ಲಿಗೆ ಬಿಸಿನೀರ ಸಿಗ್ತೈತಿ ನೋಡ್ರಿ" ಅಂದರು. ನಮ್ಮವರು ಮುಖ ತಿರುಗಿಸಿಕೊಂಡು ನಕ್ಕರು. ಭುಜ ಅಲುಗುವುದು ನನಗೆ ಕಾಣುತ್ತಿತ್ತು.

ನಮ್ಮವರಿಗೆ ಒಳಗೊಳಗೇ ಏನೋ ಅನುಮಾನ. ಬಿಸಿ ಎಲ್ಲಿಯತನಕ ಬಂದಿದೆ ಎಂದು ಪೈಪಿನ ಉದ್ದಕ್ಕೂ ಕೈಯಿಟ್ಟು ನೋಡುತ್ತ ಹೋಗಬೇಕು, ಅದು ಅವರ ವರ್ಕ್‌ಶಾಪಿನ ಪದ್ಧತಿ. ಮಾಳಿಗೆ ಹತ್ತಿ ಪೈಪು ಮುಟ್ಟಿ ನೋಡಿ ಬಂದಿದ್ದರು. ಆದರೆ ಕೆಲಸದಿಂದ ಊಟಕ್ಕೆ ಬಂದ ಮಧ್ಯಾಹ್ನದ ಹೊತ್ತು. ಆ ಬಿಸಿಲಿಗೆ ಅಲ್ಲಿ ಎಲ್ಲ ಪೈಪುಗಳೂ ಸುಡುತ್ತಿದ್ದವು, ಕೈಗೆ ಏನು ತಿಳಿಯಬೇಕು. "ಮುಂದಿನ ಬಚ್ಚಲಾನೂ ಒಮ್ಮೆ ನಾವ ನೋಡಿದ್ರ ಛಲೋ" ಅಂದರು ಗುರುವಾರ.

ನಾನೇ ಬಿಡಲಿಲ್ಲ. ದಿನ ತುಂಬಿದ ಹೆಣ್ಣುಮಗಳು ಮಲಗುವ ಕೋಣೆಗೆ ಹೊರಗಿನ ಗಂಡಸರು ಪಾನಾ, ಇಕ್ಕಳ, ಸುತ್ತಿಗೆ ಹಿಡಿದುಕೊಂಡು ಹೋಗುವುದು ಯಾವ ಪದ್ಧತಿ? "ಅಕಿ ಹೇಳ್ಯಾಳಲ್ಲ ಬರ್ತೈತಿ ಅಂತ. ಮಗಳ ಮಾತಿನ ಮ್ಯಾಲ ನಂಬಿಗಿ ಇಲ್ಲೇನ ನಿಮಗ?" ಅಂದೆ. "ಹಂಗಾರ ಅಲ್ಲಿಂದ ಎರಡು ಬಕೀಟ ತುಂಬ್ಕೊಂಡು ಹಿಂದ ಒಯ್ಯೋಣು, ನೀ ಗ್ಯಾಸ ಯಾಕ ಸುಡ್ತಿ" ಅಂದರು. ಅಷ್ಟರಲ್ಲಿ ಒಳಗಿನಿಂದ ಮಗಳು, "ಅಪ್ಪಾಜಿ, ನನ್ನ ಕೋಣ್ಯಾಗ ನೀರ ಚೆಲ್ಲಿದ್ರ ನಾ ಜಾರಿ ಬೀಳ್ತೀನಿ" ಅಂದಳು. ಒಂಬತ್ತು ತಿಂಗಳ ಬಸುರಿ ಜಾರಿ ಬೀಳುತ್ತೇನೆ ಅಂದ ಮೇಲೆ ಯಾರು ವಾದಿಸುತ್ತಾರೆ. ನಮ್ಮಿಬ್ಬರ ಸ್ನಾನಕ್ಕೆ ನಾನು ಗ್ಯಾಸಿನ ಮೇಲೆಯೇ ನೀರು ಕಾಸಿದೆ. ಎರಡು ಒಲೆ, ಎರಡು ಪಾತ್ರೆ, ಅದರ ನಡುವೆ ಅಡುಗೆ. ಇಬ್ಬರಿಗೇ ಸಾಕುಸಾಕಾಗುತ್ತಿತ್ತು. ಬಾಣಂತಿಗೂ ಕೂಸಿಗೂ ಹೀಗೆ ಕಾಸಿ ಎರೆಯುವುದು ಆಗದ ಮಾತು ಎಂದು ನನಗೇ ಗೊತ್ತಾಯಿತು.

ಭಾನುವಾರ ಬೀಗತಿ ನೋಡಿಹೋಗಲು ಬರುವುದಿತ್ತು. ಬಂದರೆ ನೇರ ಹಿಂದಿನ ಬಚ್ಚಲಿಗೇ ಹೋಗುತ್ತಾರೆ. ಒಡೆದ ಗೋಡೆ ನೋಡುತ್ತಾರೆ, ನಳ ತಿರುಗಿಸುತ್ತಾರೆ, ಮೆತ್ತಗೆ ಒಂದು ಮಾತಾಡುತ್ತಾರೆ, ಮತ್ತು ಅದು ಸರಿಯಾಗಿರುತ್ತದೆ. ಗುರುವಾರ ಸಂಜೆ, ಮಗಳು ಅಪ್ಪನ ಜೊತೆ ಗಲ್ಲಿಯಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಲು ಹೋದಾಗ, ನಾನು ಫೋನು ಎತ್ತಿದೆ. ಸೋಲುತ್ತೇನೆ ಅನ್ನಿಸಿದರೆ ಆಟವನ್ನೇ ಬಿಟ್ಟು ಎದ್ದುಹೋಗುವುದು ನನ್ನ ಹುಟ್ಟುಗುಣ. ಚೌಕಾಬಾರದಲ್ಲೂ ಹಾಗೇ ಮಾಡುತ್ತಿದ್ದೆ. "ಬೀಗತೇರ, ವಿಚಾರ ಮಾಡಿದೆ. ದವಾಖಾನಿ ನಿಮಗ ಸಮೀಪ ಐತಿ. ಅಕಿನ್ನ ಅಲ್ಲೇ ಕರಕೊಂಡ ಹೋಗ್ರಿ" ಅಂದೆ. ನೀರಿನ ಮಾತೇ ಎತ್ತಲಿಲ್ಲ. ಅವರು, "ಹುಡುಗಿ ಏನಂತಾಳ?" ಎಂದು ಕೇಳಿದರು. "ಅಕಿದೇನೈತಿ, ನಾವು ಹೇಳಿದಂಗ" ಅಂದೆ. ನಾಳೆಯೇ ಬರುತ್ತೇನೆ ಅಂದರು. ಫೋನಿಟ್ಟು ಅಡುಗೆಮನೆಗೆ ಹೋಗಿ, ಅವಳ ಬಾಣಂತನದ ಉಂಡೆಗೆಂದು ಹುರಿದಿಟ್ಟ ಅಂಟು, ಒಣಕೊಬ್ಬರಿ ನೋಡಿದೆ. ಡಬ್ಬಿಗಳ ಮುಚ್ಚಳ ಮತ್ತೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಹೇಳಿದರಾಯಿತು ಎಂದು ಮಲಗಿದೆ.

ಶುಕ್ರವಾರ ಬೆಳಿಗ್ಗೆ ಅದನ್ನು ಹೇಳಲೆಂದೇ ಚಹಾದ ಕಪ್ಪು ಹಿಡಿದು ಅವಳ ಕೋಣೆಗೆ ಹೋದೆ. ಸ್ನಾನಕ್ಕೆ ಹೋಗಿದ್ದಳು. ಬಚ್ಚಲಿನ ಬಾಗಿಲಿನ ಆಚೆ ಚೆಂಬಿನ ಸದ್ದು, ನೀರು ಬಿದ್ದ ಸದ್ದು, ಅದರ ಹಿಂದೆಯೇ ಇನ್ನೊಂದು ಸದ್ದು. ತಣ್ಣೀರು ಮೈಮೇಲೆ ಬಿದ್ದಾಗ ಬಾಯಿಂದ ತಾನಾಗಿ ಬರುವ ಆ ಹಾ-ಹಾ ಎನ್ನುವ ಉಸಿರು. ಮತ್ತೊಂದು ಚೆಂಬು, ಮತ್ತೆ ಅದೇ ಉಸಿರು. ಸುಡುವ ನೀರಿಗೆ ಯಾರೂ ಹಾಗೆ ಉಸಿರೆಳೆಯುವುದಿಲ್ಲ.

"ಬಾಗ್ಲ ತಗಿ" ಅಂದೆ. ಸದ್ದು ನಿಂತಿತು. "ತಗೀತೀಯೋ ಇಲ್ಲೋ?"

ಬಾಗಿಲು ಒಂದು ಗೇಣು ತೆರೆಯಿತು. ನಾನು ಕೈ ತೂರಿಸಿ ಬಕೀಟಿನಲ್ಲಿ ಅದ್ದಿದೆ. ಬೆರಳ ತುದಿ ಜುಮ್ಮೆಂದಿತು. ಡಿಸೆಂಬರಿನ ಟಾಕಿಯ ನೀರು.

"ಎಷ್ಟ ದಿನದಿಂದ?"

"ಮಂಗಳವಾರದಿಂದ."

"ನಾಕ ದಿನ? ನಾಕ ದಿನ ಈ ನೀರಾಗ ಜಳಕ ಮಾಡಿದೇನ? ಯಾಕ ಸುಳ್ಳ ಹೇಳಿದಿ? ತಲಿ ಐತೋ ಇಲ್ಲೋ ನಿನಗ?" ನನ್ನ ದನಿ ಗಲ್ಲಿಯ ತುದಿ ಮುಟ್ಟಿರಬೇಕು. ಟವೆಲು ಸುತ್ತಿ ಹೊರಗೆ ಕರೆತಂದು, ಶಾಲು ಹೊದಿಸಿ, ಅವಳ ಪಾದ ಉಜ್ಜುತ್ತ ಉಜ್ಜುತ್ತಲೇ ಬೈಯುತ್ತಿದ್ದೆ. ತುಟಿ ನೀಲಿಗಟ್ಟಿತ್ತು. ಆದರೂ ಕಣ್ಣು ಕೆಳಗಿಳಿಸದೆ ನನ್ನನ್ನೇ ನೋಡುತ್ತಿದ್ದಳು. ನೂಲಿನಂತೆ ಸೀರೆ ಅನ್ನುವುದು ಸುಳ್ಳಲ್ಲ.

"ತಣ್ಣಗ ಬರ್ತೈತಿ ಅಂದ್ರ ನೀ ನನ್ನ ಇಟ್ಕೊಳ್ತಿದ್ದೇನ?" ಅಂದಳು. "ಅತ್ತಿಯವ್ರ ಮುಂದ ಸೋತೆ ಅನ್ನಿಸ್ಕೊಳ್ಳೋಕಿಂತ ನೀನ ಫೋನ ಹಚ್ಚಿ ಕರಕೊಂಡ ಹೋಗ್ರಿ ಅಂತಿದ್ದಿ. ನಿನ್ನ ಸ್ವಭಾವ ನನಗ ಗೊತ್ತಿಲ್ಲೇನ? ನಾ ಇಲ್ಲೇ ಇರ್ಬೇಕವ್ವಾ. ಕೂಸು ಹುಟ್ಟೂದ್ರಾಗ ಹೆಂಗರ ಮಾಡಿ ರಿಪೇರಿ ಆಗ್ತೈತಿ ಅನ್ಕೊಂಡಿದ್ದೆ."

ನನ್ನ ಕೈ ಅವಳ ಪಾದದ ಮೇಲೆಯೇ ನಿಂತಿತು. ಫೋನು ಹಚ್ಚಿ ಆಗಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಬೀಗತಿ ಅಷ್ಟು ಹೊತ್ತಿಗೆ ಸೀರೆ ಉಡುತ್ತಿದ್ದರೋ ಏನೋ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ನಮ್ಮವರು ಮಿಸ್ತ್ರಿಗೆ ಹೇಳಿಕಳಿಸಿ, ತಾವು ಆಗಲೇ ಮಾಳಿಗೆ ಹತ್ತಿದರು. ನಾನೂ ಹಿಂದೆಯೇ ಹತ್ತಿದೆ, ಕೆಳಗೆ ಮಗಳ ಮುಖ ನೋಡುತ್ತ ಕೂರಲು ಆಗುತ್ತಿರಲಿಲ್ಲ. ಬಿಸಿಲಿನ್ನೂ ಏರಿರಲಿಲ್ಲ, ಪೈಪುಗಳೆಲ್ಲ ಇಬ್ಬನಿಯಲ್ಲಿ ತಣ್ಣಗಿದ್ದವು. ಅವರು ಸೋಲಾರಿನ ಟಾಕಿಯಿಂದ ಹೊರಟ ಪೈಪಿಗೆ ಕೈ ಹಚ್ಚಿದರು. ಟಾಕಿಯ ಬುಡದಲ್ಲಿ ಸುಡುತ್ತಿತ್ತು. ಒಂದು ಮೊಳ ಈಚೆಗೆ ಉಗುರುಬೆಚ್ಚಗೆ. ಇನ್ನೊಂದು ಮೊಳಕ್ಕೆ ಕಲ್ಲಿನಷ್ಟು ತಣ್ಣಗೆ. "ಇಲ್ಲೇ ಐತಿ" ಅಂದರು. ಟಾಕಿಯಲ್ಲಿ ನೀರು ಕುದಿಯುವಂತಿದೆ, ಎರಡು ಮೊಳ ದಾಟಲು ಅದಕ್ಕೆ ಆಗಿಲ್ಲ. ನಾವು ಎರಡು ದಿನ ಕೆಳಗೆ ಗೋಡೆ ಅಗೆಯುತ್ತಿದ್ದೆವು.

ಮಿಸ್ತ್ರಿ ಬಂದರು. ವಿಷಯ ಕೇಳಿ ತಲೆ ಚಚ್ಚಿಕೊಂಡರು. "ಮುಂದನೂ ತಣ್ಣಗ ಅಂದಿದ್ರ ನಾ ಗ್ವಾಡಿ ಯಾಕ ಒಡೀತಿದ್ದೆ! ಒಳಗ ಗಾಳಿ ಸಿಕ್ಕಿಬಿದ್ದೈತಿ. ಸೋಮವಾರ ಟಾಕಿ ಖಾಲಿ ಆಗಿತ್ತಲ್ಲ, ಆಗ ಹೊಕ್ಕೈತಿ. ಆದ್ರ ಗಾಳಿ ಹೊರಗ ಹೋಗಾಕಂತನ ಮ್ಯಾಲ ಒಂದ ಪೈಪ ಬಿಟ್ಟಿರ್ತೀವಿ, ಅದ್ಯಾಕ ಹೋಗಿಲ್ಲ" ಎನ್ನುತ್ತ ಸ್ಟೂಲು ಹತ್ತಿದರು. ಸೋಲಾರಿನ ಟಾಕಿಯ ನೆತ್ತಿಯಿಂದ ಮೇಲೆ ಹೋಗಿ ಬಾತುಕೋಳಿಯ ಕುತ್ತಿಗೆಯಂತೆ ಬಾಗಿದ ಒಂದು ಪೈಪಿದೆ. ಅದರ ಬಾಯಿಗೆ ಪ್ಲಾಸ್ಟಿಕ್ ಚೀಲ, ಅದರ ಕೆಳಗೆ ನಾಲ್ಕು ಮಡಿಕೆಯ ಬಿಳಿ ಅರಿವೆ, ಮೇಲೆ ನೂಲಿನ ದಾರ ಹದಿನೈದು ಸುತ್ತು ಬಿಗಿದು ಕಟ್ಟಿತ್ತು.

"ಇದನ್ನ ಯಾರ ಕಟ್ಟ್ಯಾರ?" ಅಂದರು ಮಿಸ್ತ್ರಿ.

ಆ ಅರಿವೆ ನಮ್ಮವರ ಹಳೆಯ ಧೋತರದ ತುಂಡು. ಆ ಗಂಟು ನನ್ನದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ನನ್ನ ತವರು ರಾಯಚೂರು ಕಡೆಯ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ಅಲ್ಲಿ ಮೆಟ್ಟಿಲುಬಾವಿಯ ನೀರು ಕುಡಿದವರಿಗೆ ನಾರುಹುಣ್ಣು ಆಗುತ್ತಿತ್ತು. ನಮ್ಮಪ್ಪನ ಕಾಲಿನ ಮೀನಖಂಡದಿಂದ ನೂಲಿನಂಥ ಹುಳು ಹೊರಬಂದು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸರಕಾರದವರು ಬಂದು ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆಮನೆಗೆ ಹೇಳಿದ ಮೇಲೆ, ನಮ್ಮವ್ವ ನೀರು ಬರುವ ಯಾವ ಬಾಯನ್ನೂ ಬರಿದೇ ಬಿಟ್ಟವಳಲ್ಲ. ನಾನೂ ಅಷ್ಟೇ. ಹೈದರಾಬಾದಿಗೆ ಬಂದು ಇಷ್ಟು ವರ್ಷವಾದರೂ ನಮ್ಮ ಮನೆಯ ಪ್ರತಿ ನಳದ ಬಾಯಿಗೂ ಅರಿವೆ ಇರುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಒಗೆದು ಕಟ್ಟುತ್ತೇನೆ. ಮಗಳು ಬರುವ ಹಿಂದಿನ ದಿನ ಸಂಡಿಗೆ ಒಣಹಾಕಲು ಮಾಳಿಗೆಗೆ ಹೋದಾಗ ಆ ಬಾಗಿದ ಪೈಪು ಕಂಡಿತು. ಬಾಯಿ ತೆರೆದುಕೊಂಡಿದೆ, ಪಕ್ಕದಲ್ಲೇ ಪಾರಿವಾಳದ ಹಿಕ್ಕೆ. ಇದೇ ನೀರಲ್ಲವೇ ನಾಳೆ ಕೂಸಿನ ನೆತ್ತಿಗೆ ಬೀಳುವುದು! ಸ್ಟೂಲು ತಂದು ಹತ್ತಿ, ಅರಿವೆ ಕಟ್ಟಿ, ಧೂಳೂ ಬೇಡವೆಂದು ಮೇಲೊಂದು ಚೀಲ ಕಟ್ಟಿ, ಇಳಿದುಬಂದು ಮರೆತೂಬಿಟ್ಟೆ.

"ನಾನ ಕಟ್ಟೀನ್ರಿ" ಅಂದೆ.

ಮೂರು ದಿನ ನನ್ನ ಬೈಗುಳ ತಿಂದ ಮಿಸ್ತ್ರಿ ಸ್ಟೂಲಿನ ಮೇಲಿಂದ ನನ್ನನ್ನು ನೋಡಿದರು. ಏನು ಬೇಕಾದರೂ ಅನ್ನಬಹುದಿತ್ತು. "ಕಟ್ಟೂದು ಮಾತ್ರ ಭಾಳ ಗಟ್ಟಿ ಕಟ್ಟೀರಿ ಅಕ್ಕಾರ" ಅಂದು ದಾರ ಕೊಯ್ದರು. ಪೈಪು ಉಸಿರು ಬಿಟ್ಟಿತು. ಕೆಳಗೆ ಹೋಗಿ ಹಿಂದಿನ ಬಚ್ಚಲಿನಲ್ಲಿ ತಣ್ಣೀರಿನ ನಳಕ್ಕೂ ಬಿಸಿನೀರಿನ ನಳಕ್ಕೂ ಒಂದು ರಬ್ಬರ್ ಪೈಪು ಜೋಡಿಸಿ ಎರಡನ್ನೂ ತಿರುಗಿಸಿದರು, ನೀರು ಹಿಂದಿನಿಂದ ನುಗ್ಗಿ ಗಾಳಿಯನ್ನು ಮೇಲಕ್ಕೆ ತಳ್ಳಲಿ ಎಂದು. ಮಾಳಿಗೆಯಲ್ಲಿ ಆ ಬಾಗಿದ ಪೈಪು ಕೆಮ್ಮಿ ಕೆಮ್ಮಿ ನೀರು ಉಗುಳಿತಂತೆ. ರಬ್ಬರು ಬಿಚ್ಚಿ ನಳ ತಿರುಗಿಸಿದಾಗ ಬಚ್ಚಲು ತುಂಬ ಹಬೆ. ಮಗಳನ್ನು ಅದೇ ಕಲ್ಲಿನ ಮೇಲೆ ಕೂರಿಸಿ, ಬೆನ್ನು ಕೆಂಪಾಗುವಷ್ಟು ಎರೆದೆ. ಅವಳು ಹಾಯಾಗಿ ಕಣ್ಣು ಮುಚ್ಚಿ, "ಸಾಕವ್ವಾ, ಸುಡಾಕತ್ತೈತಿ" ಅಂದಳು. ಆಗಲಾದರೂ ಫೋನಿನ ವಿಷಯ ಹೇಳಬೇಕಿತ್ತು. ಬೀಗತಿ ಬಂದ ಕೂಡಲೇ ನೀರು ತೋರಿಸಿ, ಮೆಲ್ಲಗೆ ಮಾತು ತಿರುಗಿಸಿದರಾಯಿತು ಅಂದುಕೊಂಡೆ. ಸಂಸಾರದಲ್ಲಿ ಎಷ್ಟೋ ಸಲ ಹೀಗೆ ಪಾರಾಗಿದ್ದೇನೆ.

ಮಧ್ಯಾಹ್ನ ಬೀಗತಿ ಬಂದರು. ಕಾರಿಳಿದವರನ್ನು ನೇರ ಹಿಂದಿನ ಬಚ್ಚಲಿಗೇ ಕರೆದುಕೊಂಡು ಹೋದೆ. ಒಡೆದ ಟೈಲ್ಸು ದಾಟಿ ಬಂದು ಅವರು ನಳದ ಕೆಳಗೆ ಕೈಯೊಡ್ಡಿ, ಸರಕ್ಕನೆ ಹಿಂದೆಳೆದುಕೊಂಡರು. "ಬರೋಬ್ಬರಿ ಐತಿ ಬಿಡ್ರಿ" ಅಂದರು. ಆಮೇಲೆ ಸೆರಗಿಗೆ ಕೈ ಒರೆಸುತ್ತ, ಏನೂ ಅರಿಯದೆ, "ಮತ್ತ ನಿನ್ನೆ ಫೋನಿನ್ಯಾಗ ಕರಕೊಂಡ ಹೋಗ್ರಿ ಅಂದ್ರೆಲ್ಲ?" ಎಂದು ಕೇಳಿದರು.

ಮಗಳು ನನ್ನ ಹಿಂದೆಯೇ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ತಿರುಗಿ ನೋಡಿದೆ. ಆ ಮುಖವನ್ನು ನಾನು ಮರೆತಿಲ್ಲ. ಸಿಟ್ಟಿರಲಿಲ್ಲ ಅದರಲ್ಲಿ. ಪರೀಕ್ಷೆಯಲ್ಲಿ ಬರುತ್ತದೆ ಎಂದು ಗೊತ್ತಿದ್ದ ಪ್ರಶ್ನೆಯೇ ಬಂದರೂ ಉತ್ತರ ತಪ್ಪಿದವರ ಮುಖದ ಹಾಗಿತ್ತು. "ದವಾಖಾನಿ ಸಮೀಪ ಅಂತ..." ಎಂದು ನಾನು ಶುರು ಮಾಡಿದೆ. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಕೋಣೆಯಲ್ಲಿ ಕಪಾಟಿನ ಬಾಗಿಲು ಸದ್ದು ಮಾಡಿತು. ಸ್ವಲ್ಪ ಹೊತ್ತಿಗೆ ಬಟ್ಟೆಯ ಚೀಲವನ್ನು ನೆಲದ ಮೇಲೆ ಎಳೆದುಕೊಂಡು ಪಡಸಾಲೆಗೆ ಬಂದು, ಕುರ್ಚಿಯ ಮೇಲೆ ಕೂತು, "ನಡೀರಿ ಅತ್ತಿಯವರ" ಅಂದಳು.

ಬೀಗತಿ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿದಿರಬೇಕು. ಚಪ್ಪಲಿ ಮೆಟ್ಟಲಿಲ್ಲ, ಎದುರಿನ ಕುರ್ಚಿಯಲ್ಲಿ ಕೂತರು. "ಇಷ್ಟ ದೂರ ಬಂದೀನಿ. ಒಂದ ಕಪ್ಪ ಚಹಾ ಕುಡೀದ ಹೆಂಗ ಹೋಗ್ಲಿ" ಅಂದರು.

ಅಡುಗೆಮನೆಗೆ ಹೋದೆ. ಪುಡಿ ಹಾಕಿದೆನೋ ಇಲ್ಲವೋ ನೆನಪಾಗದೆ ಎರಡು ಸಲ ಹಾಕಿದೆ. ನಮ್ಮವರು ಬಂದು ಪಕ್ಕದಲ್ಲಿ ನಿಂತರು. "ಬೈಯಾಕ ಬರ್ತೈತಿ, ಜಗಳಾಡಾಕ ಬರ್ತೈತಿ. ಮಗಳನ್ನ ಒಂದ ಮಾತ ಕೇಳ್ಕೊಳ್ಳಾಕ ಬರಂಗಿಲ್ಲೇನ ನಿನಗ?" ಅಂದರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವರು ನನಗೆ ಆಡಿದ ಅತಿ ಖಾರದ ಮಾತು ಅದು. ಅದನ್ನೂ ಮೆತ್ತಗೇ ಆಡಿದರು.

ಚಹಾ ತಂದು ಬೀಗತಿಯ ಕೈಗೆ ಕೊಟ್ಟೆ. ಆಮೇಲೆ ಮಗಳ ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ. ಹುಟ್ಟಿದಾಗಿನಿಂದ ಅವಳಿಗೆ ಏಳು, ತಿನ್ನು, ಓದು, ಬೇಗ ಬಾ ಎಂದು ಹೇಳಿದ್ದೇನೆ. ಬೇಡಿಕೊಂಡದ್ದು ಯಾವತ್ತೂ ಇಲ್ಲ. ಬೀಗತಿಯ ಎದುರಿಗೆ, ಅವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಿದ್ದೇ, "ಇರು" ಅಂದೆ. "ನೀರ ಬಿಸಿ ಇರ್ಲಿ, ತಣ್ಣಗಿರ್ಲಿ, ಯಾರೇನರ ಅನ್ಲಿ. ನೀ ಹೋಗಬ್ಯಾಡ. ನೀ ಹೋದ್ರ ನನಗ ಆಗಂಗಿಲ್ಲ."

ಬೀಗತಿ ಚಹಾದ ಕಪ್ಪಿನೊಳಗೆ ನೋಡುತ್ತ ಕೂತಿದ್ದರು. ಮಗಳು ನನ್ನ ಮುಖ ನೋಡಲಿಲ್ಲ. ಆ ಹೊಟ್ಟೆ ಹೊತ್ತುಕೊಂಡು ಬಗ್ಗಲು ಆಗುತ್ತಿರಲಿಲ್ಲ. ಕಾಲಿನಿಂದಲೇ ಆ ಬಟ್ಟೆಯ ಚೀಲವನ್ನು ನನ್ನ ಕಡೆಗೆ ಸರಿಸಿ, "ಒಳಗ ಇಡು" ಅಂದಳು.